ಡಿಫರೆನ್ಶಿಯಲ್ ರಿಪೇರಿಯಾದ ಮೇಲೆ ಗೇರ್ ಸದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳೆಲ್ಲ ಹಿಂದಿನ ಚಕ್ರಗಳಿಂದ ಓಡುವ, ಕ್ರೌನ್ ವೀಲ್ ಮತ್ತು ಪಿನಿಯನ್ ಇರುವ ಹೈಪಾಯ್ಡ್ ಆಕ್ಸೆಲ್‌ಗೆ ಸಂಬಂಧಿಸಿದವು. ಡಿಫರೆನ್ಶಿಯಲ್ ಅಂದರೆ ಎಂಜಿನ್ ಬಲವನ್ನು ಎರಡೂ ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಜೋಡಣೆ. ಅದರಲ್ಲಿ ಪ್ರೊಪೆಲ್ಲರ್ ಶಾಫ್ಟ್‌ನಿಂದ ತಿರುಗುವ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್. ಪಿನಿಯನ್ ಕ್ರೌನ್‌ನ ನಡುಗೆರೆಯಿಂದ ಸರಿದು ಕೂತಿರುವ ಜೋಡಿಗೆ ಹೈಪಾಯ್ಡ್ ಎನ್ನುತ್ತಾರೆ. ಕೊಟ್ಟಿರುವ ಅಳತೆಗಳು ಸಾಮಾನ್ಯವಾಗಿ ಕಾಣುವಂಥವು. ನಿಮ್ಮ ಆಕ್ಸೆಲ್‌ನ ಸರ್ವಿಸ್ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದನ್ನೇ ಪಾಲಿಸಿ.

## ಮೊದಲು ತಿಳಿದಿರಬೇಕಾದ್ದು

ಹೊಸ ಬೇರಿಂಗ್ ಹಾಕಿಸಿದ ಮೇಲೆ ಗುಂಯ್ ಅಂತಿದೆ. ಸ್ವಲ್ಪ ದಿನ ಓಡಿಸಿದರೆ ತಾನಾಗೇ ಹೋಗುತ್ತಾ?

ಹೋಗುವುದಿಲ್ಲ. ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ಹಲ್ಲುಗಳ ಮೈ ಕೊಂಚ ನಯವಾಗುತ್ತದೆ, ಅಷ್ಟೇ. ಪಿನಿಯನ್ ಕೂತ ಜಾಗ ತಪ್ಪಾಗಿದ್ದರೆ ಓಡಿಸಿದ ಮಾತ್ರಕ್ಕೆ ಅದು ಸರಿಯಾದ ಜಾಗಕ್ಕೆ ಬರುವುದಿಲ್ಲ. ತಪ್ಪು ಜಾಗದಲ್ಲೇ ಹಲ್ಲು ಸವೆಯುತ್ತಾ ಹೋದರೆ, ಆಮೇಲೆ ಶಿಮ್ (ಗೇರ್ ಕೂರುವ ಜಾಗ ಹೊಂದಿಸುವ ತೆಳು ಲೋಹದ ಬಿಲ್ಲೆ) ಸರಿಪಡಿಸಿದರೂ ಸದ್ದು ಪೂರ್ತಿ ಹೋಗದ ಸ್ಥಿತಿಗೆ ಬರುತ್ತದೆ. ಒಂದೇ ಒಂದು ವೇಗದಲ್ಲಿ, ಕಿಟಕಿ ಮುಚ್ಚಿ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಸಣ್ಣ ಸದ್ದಿದ್ದು, ಅದು ಬೆಳೆಯದೆ ಇದ್ದರೆ ತೊಂದರೆಯಿಲ್ಲ. ಪಕ್ಕದಲ್ಲಿ ಕೂತವರೂ ಗಮನಿಸುವಷ್ಟಿದ್ದರೆ ಬೇಗ ಪರೀಕ್ಷಿಸಿ.

ಇದು ಡಿಫರೆನ್ಶಿಯಲ್‌ದೇ ಸದ್ದು ಅಂತ ಹೇಗೆ ಗೊತ್ತಾಗುತ್ತೆ? ಟೈರ್ ಸದ್ದೂ ಹೀಗೇ ಇರುತ್ತಲ್ಲ?

ಟೈರ್ ಸದ್ದು ರಸ್ತೆಯ ಮೈ ಬದಲಾದರೆ ಬದಲಾಗುತ್ತದೆ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ವ್ಯತ್ಯಾಸ ತಕ್ಷಣ ಕಿವಿಗೆ ಬೀಳುತ್ತದೆ. ಆದರೆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಟೈರ್‌ಗೆ ಏನೂ ಅನಿಸುವುದಿಲ್ಲ. ಗೇರ್ ಸದ್ದಿನ ಸ್ವಭಾವ ಇದಕ್ಕೆ ತದ್ವಿರುದ್ಧ: ರಸ್ತೆ ಯಾವುದಾದರೂ ಅದಕ್ಕೆ ಒಂದೇ, ಪೆಡಲ್ ಮಾತ್ರ ಒಂದು ಸೆಂಟಿಮೀಟರ್ ಅಲುಗಿದರೂ ಸದ್ದು ಏರುತ್ತದೆ, ಇಲ್ಲವೇ ಮಾಯವಾಗುತ್ತದೆ.

ಚಕ್ರದ ಬೇರಿಂಗ್ ಮೇಲೆ ಅನುಮಾನವಿದ್ದರೆ ಖಾಲಿ ರಸ್ತೆಯಲ್ಲಿ ಸ್ಟೀರಿಂಗ್ ಅನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತೂಗಿ. ಒಂದು ಕಡೆ ವಾಲಿದಾಗ ಗುರುಗುರು ಹೆಚ್ಚಾಗಿ ಇನ್ನೊಂದು ಕಡೆ ಕಡಿಮೆಯಾದರೆ ಅದು ಚಕ್ರದ ಬೇರಿಂಗ್. ಗಾಡಿ ನಿಂತಿರುವಾಗ ಎಂಜಿನ್ ರೇಸ್ ಮಾಡಿದರೂ ಅದೇ ಸದ್ದು ಬಂದರೆ ಸೈಲೆನ್ಸರ್ ಪೈಪ್ ಎಲ್ಲೋ ಬಾಡಿಗೆ ತಾಗುತ್ತಿರಬಹುದು. ಆಕ್ಸೆಲ್ ಇಳಿಸಿ ಏರಿಸಿದ ಮೇಲೆ ಇದು ತೀರಾ ಸಾಮಾನ್ಯ.

ರೋಡ್ ಟೆಸ್ಟ್ ಸರಿಯಾಗಿ ಮಾಡೋದು ಹೇಗೆ?

ಮೊದಲು 15 ಕಿಲೋಮೀಟರ್ ಓಡಿಸಿ ಎಣ್ಣೆ ಬಿಸಿ ಮಾಡಿ. ತಣ್ಣಗಿನ, ದಪ್ಪ ಎಣ್ಣೆ ಸದ್ದನ್ನು ಮುಚ್ಚಿಡುತ್ತದೆ. ಆಮೇಲೆ ಸಮತಟ್ಟಾದ ರಸ್ತೆಯಲ್ಲಿ ನಾಲ್ಕು ಸ್ಥಿತಿಗಳನ್ನು ಬೇರೆಬೇರೆಯಾಗಿ ಕೇಳಿಸಿಕೊಳ್ಳಿ. ಮೊದಲನೆಯದು ಎಳೆತ, ಅಂದರೆ ಪೆಡಲ್ ಒತ್ತಿ ವೇಗ ಏರಿಸುವುದು. ಎರಡನೆಯದು ಒಂದೇ ವೇಗದಲ್ಲಿ ಸಾಗುವುದು. ಮೂರನೆಯದು ತೇಲುವಿಕೆ: ಎಂಜಿನ್ ಗಾಡಿಯನ್ನು ಎಳೆಯದ, ತಡೆಯದ ಹಾಗೆ ಪೆಡಲ್ ಅನ್ನು ಕೂದಲೆಳೆಯಷ್ಟು ಹಿಡಿಯುವುದು. ನಾಲ್ಕನೆಯದು ಗೇರ್‌ನಲ್ಲೇ ಇಟ್ಟು ಕಾಲು ಪೂರ್ತಿ ತೆಗೆಯುವುದು.

ಪ್ರತಿ ಸ್ಥಿತಿಯಲ್ಲೂ ಸದ್ದು ಯಾವ ವೇಗದಲ್ಲಿ ಶುರುವಾಗಿ ಯಾವ ವೇಗದಲ್ಲಿ ನಿಲ್ಲುತ್ತದೆ ಎಂದು ಪಕ್ಕದಲ್ಲಿ ಕೂತವರಿಂದ ಬರೆಸಿಕೊಳ್ಳಿ. ಆ ಚೀಟಿ ಕೈಯಲ್ಲಿಲ್ಲದೆ ಕವರ್ ಬಿಚ್ಚಲೇಬೇಡಿ. ಯಾವ ಹೊರೆಯಲ್ಲಿ ಸದ್ದು ಬರುತ್ತದೆ ಎಂಬುದು ಯಾವ ಭಾಗ ನೋಡಬೇಕು ಎಂಬುದನ್ನು ಹೇಳಿಬಿಡುತ್ತದೆ. ಒಮ್ಮೆ ಬಿಚ್ಚಿದ ಮೇಲೆ ಆ ಸುಳಿವು ಮತ್ತೆ ಸಿಗುವುದಿಲ್ಲ.

ಹೊಸ ಗೇರ್ ಸೆಟ್ ಹಾಕಿದ ಮೇಲೆ ಮೊದಲ ದಿನ ಎಷ್ಟು ಜೋಪಾನ ಮಾಡಬೇಕು?

ಮೊದಲು 25–30 ಕಿಲೋಮೀಟರ್ ನಿಧಾನವಾಗಿ ಓಡಿಸಿ, ಅರ್ಧ ಗಂಟೆ ನಿಲ್ಲಿಸಿ ಪೂರ್ತಿ ತಣಿಯಲು ಬಿಡಿ. ಹೊಸ ಹಲ್ಲುಗಳು ಮೊದಲ ಸಲ ತುಂಬಾ ಬಿಸಿಯಾಗುತ್ತವೆ. ಆ ಹೊತ್ತಿನಲ್ಲಿ ಹೊರೆ ಹಾಕಿದರೆ ಎಣ್ಣೆಯ ಪದರ ಹರಿದು ಹಲ್ಲಿನ ಮೈ ಸುಟ್ಟಹಾಗೆ ಗೀರು ಬೀಳುತ್ತದೆ. ಆ ಗೀರು ಬಿದ್ದ ಸೆಟ್ ಕೊನೆತನಕ ಸದ್ದು ಮಾಡುತ್ತದೆ. 800 ಕಿಲೋಮೀಟರ್ ತನಕ ಟ್ರೈಲರ್ ಎಳೆಯಬೇಡಿ, ಪೂರ್ತಿ ಪೆಡಲ್ ಒತ್ತಬೇಡಿ. ಅಷ್ಟಾದ ಮೇಲೆ ಎಣ್ಣೆ ಬದಲಿಸಿ.

ದಪ್ಪ ಎಣ್ಣೆ ಹಾಕಿದರೆ ಸದ್ದು ಕಡಿಮೆಯಾಗಲ್ವಾ?

ಸ್ವಲ್ಪ ಮಂಕಾಗುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ಎರಡು ವಿಷಯ ನೋಡಿ. ಹೈಪಾಯ್ಡ್ ಗೇರ್‌ಗೆ ಜಿಎಲ್-5 ದರ್ಜೆಯ ಎಣ್ಣೆಯೇ ಬೇಕು, ಜಿಎಲ್-4 ಸಾಲದು. ಗಾಡಿ ಸಮತಟ್ಟಾಗಿ ನಿಂತಾಗ ಎಣ್ಣೆ ತುಂಬುವ ರಂಧ್ರದ ಕೆಳ ಅಂಚಿನವರೆಗೆ ಬಂದಿರಬೇಕು. ಮೂಗು ಮೇಲೆತ್ತಿದ ಗಾಡಿಗೆ ತುಂಬಿದರೆ ಮಟ್ಟ ತಪ್ಪುತ್ತದೆ. ರಿಪೇರಿಯಾದ ಆಕ್ಸೆಲ್‌ನಲ್ಲಿ ಮುಂದಿನ ಪಿನಿಯನ್ ಬೇರಿಂಗ್‌ಗೆ ಎಣ್ಣೆ ತಲುಪಲು ಕೊಂಚ ಹೊತ್ತು ಹಿಡಿಯುತ್ತದೆ. ಜೋಡಿಸುವಾಗಲೇ ಬೇರಿಂಗ್‌ಗಳಿಗೆ ಧಾರಾಳವಾಗಿ ಎಣ್ಣೆ ಸುರಿದಿರಬೇಕು.

## ಸದ್ದಿನಿಂದ ಭಾಗ ಗುರುತಿಸುವುದು

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಊಳಿಡುತ್ತೆ. ಕಾಲು ತೆಗೆದರೆ ಸುಮ್ಮನಾಗುತ್ತೆ. ಏನಿದು?

ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಸರಿಯಾದ ಜಾಗದಲ್ಲಿ ಕೂಡುತ್ತಿಲ್ಲ. ಪಿನಿಯನ್ ಆಳದ (ಅದು ಕ್ರೌನ್ ಕಡೆಗೆ ಎಷ್ಟು ಒಳಗೆ ಕೂತಿದೆ ಎಂಬುದರ) ಶಿಮ್ ತಪ್ಪಾಗಿರುವುದು ಮೊದಲ ಅನುಮಾನ, ಎಳೆತದ ಕಡೆಯ ಮೈ ಸವೆದಿರುವುದು ಎರಡನೆಯದು. ಎಣ್ಣೆ ಕಡಿಮೆಯಾಗಿ ಗೇರ್ ಹಿಂದೆಂದೋ ಕಾದಿದ್ದರೂ ಹೀಗೇ ಆಗುತ್ತದೆ. ಹಲ್ಲಿನ ಮೈ ಮೇಲೆ ನೀಲಿ ಅಥವಾ ಕಂದು ಛಾಯೆ ಕಂಡರೆ ಅದು ಕಾದ ಗುರುತು. ಅಂಥ ಸೆಟ್ ಮೇಲೆ ಶಿಮ್ ಬದಲಿಸುತ್ತಾ ಕೂರುವುದು ಸಮಯ ಹಾಳು.

ನನ್ನದು ಉಲ್ಟಾ. ಕಾಲು ತೆಗೆದಾಗ ಮಾತ್ರ ಸದ್ದು ಬರುತ್ತೆ.

ಮೊದಲು ಪಿನಿಯನ್ ಬೇರಿಂಗ್‌ನ ಪ್ರಿಲೋಡ್, ಅಂದರೆ ಆಟವಿಲ್ಲದಂತೆ ಬೇರಿಂಗ್‌ಗಳನ್ನು ಒತ್ತಿ ಹಿಡಿದಿರುವ ಬಿಗಿ, ನೋಡಿ. ಗಾಡಿ ಎಳೆಯುವಾಗ ಹಲ್ಲುಗಳ ಓರೆ ಪಿನಿಯನ್ ಅನ್ನು ಕ್ರೌನ್‌ನಿಂದ ದೂರಕ್ಕೆ ತಳ್ಳುತ್ತದೆ. ಆ ಹೊರೆಯನ್ನು ಪಿನಿಯನ್ ತಲೆಯ ದೊಡ್ಡ ಬೇರಿಂಗ್ ಹೊರುತ್ತದೆ. ಕಾಲು ತೆಗೆದಾಗ ಪಿನಿಯನ್ ಕ್ರೌನ್ ಕಡೆಗೆ ಎಳೆಯಲ್ಪಡುತ್ತದೆ. ಆಗ ಅದನ್ನು ಹಿಡಿದು ನಿಲ್ಲಿಸಬೇಕಾದ್ದು ಫ್ಲ್ಯಾಂಜ್ (ಪ್ರೊಪೆಲ್ಲರ್ ಶಾಫ್ಟ್ ಕೂಡುವ ತಟ್ಟೆ) ಹತ್ತಿರದ ಸಣ್ಣ ಬೇರಿಂಗ್. ಪ್ರಿಲೋಡ್ ಇಲ್ಲದಿದ್ದರೆ ಪಿನಿಯನ್ ಒಳಗೆ ಸರಿದು ಹಲ್ಲಿನ ಕೂಡುವಿಕೆ ಕೆಡುತ್ತದೆ. ಆದ್ದರಿಂದ ಎಲ್ಲ ವೇಗದಲ್ಲೂ, ಕಾಲು ತೆಗೆದಾಗ ಮಾತ್ರ ಬರುವ ಸದ್ದಿಗೆ ಗೇರ್ ಹಲ್ಲನ್ನು ದೂರುವ ಮುಂಚೆ ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಫ್ಲ್ಯಾಂಜ್ ಅನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೂ ಹಿಂದಕ್ಕೂ ಎಳೆದು ನೋಡಿ. ಕೂದಲಿನಷ್ಟು ಆಟ ಕೈಗೆ ಸಿಕ್ಕರೂ ಅದೇ ಕಾರಣ.

ಗುಂಯ್ ಅಲ್ಲ, ಗರಗರ ಅಂತ ಒರಟಾಗಿ ಇದೆ. ಪೆಡಲ್ ಒತ್ತಿದರೂ ಬಿಟ್ಟರೂ ಒಂದೇ ತರ.

ಬೇರಿಂಗ್. ಗೇರ್ ಸದ್ದಿಗೆ ಒಂದು ಸ್ವರವಿರುತ್ತದೆ, ಹಾಡಿದ ಹಾಗೆ. ಬೇರಿಂಗ್ ಸದ್ದಿಗೆ ಸ್ವರವಿಲ್ಲ, ಮರಳು ಅರೆದ ಹಾಗಿರುತ್ತದೆ. ಪಿನಿಯನ್ ಬೇರಿಂಗ್‌ಗಳು ಚಕ್ರಕ್ಕಿಂತ ಮೂರು ನಾಲ್ಕು ಪಟ್ಟು ವೇಗವಾಗಿ ತಿರುಗುವುದರಿಂದ ಅವುಗಳ ಸದ್ದು ಹರಿತ, ಕಡಿಮೆ ವೇಗದಲ್ಲೂ ಕೇಳುತ್ತದೆ. ಕ್ರೌನ್‌ನ ಎರಡೂ ಪಕ್ಕದ ಸೈಡ್ ಬೇರಿಂಗ್‌ಗಳು ಚಕ್ರದ ವೇಗದಲ್ಲೇ ತಿರುಗುವುದರಿಂದ ಸದ್ದು ದಪ್ಪ, ನಿಧಾನ.

ಹೊಸ ಬೇರಿಂಗ್ ಇಷ್ಟು ಬೇಗ ಹೋಗುವುದಕ್ಕೆ ಸಾಮಾನ್ಯ ಕಾರಣಗಳು: ಹೊರ ರೇಸ್ (ಬೇರಿಂಗ್‌ನ ಹೊರಬಳೆ) ಕೂರುವ ಜಾಗದಲ್ಲಿ ಕಸ, ಸುತ್ತಿಗೆ ಏಟನ್ನು ಕೇಜ್ (ರೋಲರ್‌ಗಳನ್ನು ಹಿಡಿದಿಡುವ ಚೌಕಟ್ಟು) ಮೇಲೆ ಹಾಕಿರುವುದು, ಹೊಸ ಬೇರಿಂಗ್ ಅನ್ನು ಹಳೆಯ ರೇಸ್ ಜೊತೆ ಜೋಡಿಸಿರುವುದು, ಅತಿಯಾದ ಪ್ರಿಲೋಡ್.

ತಿರುವಿನಲ್ಲಿ ಮಾತ್ರ ಕಟಕಟ, ನೇರ ಹೋದರೆ ಏನೂ ಇಲ್ಲ.

ನೇರ ಓಟದಲ್ಲಿ ಸ್ಪೈಡರ್ ಗೇರ್‌ಗಳು (ತಿರುವಿನಲ್ಲಿ ಎರಡು ಚಕ್ರಗಳು ಬೇರೆ ವೇಗದಲ್ಲಿ ತಿರುಗಲು ಬಿಡುವ ಒಳಗಿನ ಸಣ್ಣ ಗೇರ್‌ಗಳು) ತಮ್ಮಷ್ಟಕ್ಕೆ ತಿರುಗುವುದೇ ಇಲ್ಲ. ಹಾಗಾಗಿ ತಿರುವಿನ ಸದ್ದು ಅವುಗಳದ್ದು, ಅವುಗಳ ಹಿಂದಿನ ವಾಷರ್‌ಗಳದ್ದು ಅಥವಾ ಅಡ್ಡ ಪಿನ್ನಿನದ್ದು. ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ, ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಆಗಿದ್ದರೆ ಬಿಚ್ಚುವ ಮುಂಚೆ ಎಣ್ಣೆ ನೋಡಿ. ಪ್ಲೇಟ್‌ಗಳು ನಯವಾಗಿ ಜಾರಲು ಎಣ್ಣೆಗೆ ಬೆರೆಸುವ ಫ್ರಿಕ್ಷನ್ ಮಾಡಿಫೈಯರ್ ಹಾಕುವುದು ಮರೆತಿದ್ದರೆ ಪ್ಲೇಟ್‌ಗಳು ಹಿಡಿದು ಬಿಟ್ಟು ನಡುಗುತ್ತವೆ. ಸಾಮಾನ್ಯವಾಗಿ 120 ಮಿಲಿ ಸೇರಿಸಿ, ಖಾಲಿ ಜಾಗದಲ್ಲಿ ಎಂಟರ ಆಕಾರದಲ್ಲಿ ನಿಧಾನವಾಗಿ ಹತ್ತು ಹದಿನೈದು ಸುತ್ತು ಹೊಡೆದರೆ ಪ್ಲೇಟ್‌ಗಳೊಳಗೆ ಇಳಿಯುತ್ತದೆ.

ನಿಧಾನ ಹೋಗುವಾಗ ಟಕ್… ಟಕ್… ಅಂತ ಒಂದೇ ಲಯದಲ್ಲಿ ಬರುತ್ತೆ.

ಲಯ ಎಣಿಸಿ. ಗಾಡಿ ನಡೆಯುವ ವೇಗದಲ್ಲಿ ಸಾಗುವಾಗ ಹಿಂದಿನ ಚಕ್ರ ಒಂದು ಸುತ್ತು ಬಂದಾಗೊಮ್ಮೆ ಟಕ್ ಎಂದರೆ, ಅಂದರೆ ಸುಮಾರು 2 ಮೀಟರ್‌ಗೊಮ್ಮೆ, ಕ್ರೌನ್ ಹಲ್ಲಿಗೆ ಏಟು ಬಿದ್ದಿದೆ ಅಥವಾ ಕ್ರೌನ್ ಬೋಲ್ಟ್ ಸಡಿಲವಾಗಿ ಎಲ್ಲೋ ತಾಗುತ್ತಿದೆ. ಅರ್ಧ ಮೀಟರ್‌ಗೊಮ್ಮೆ ಬಂದರೆ ಪಿನಿಯನ್ ಹಲ್ಲು. ಜೋಡಿಸುವಾಗ ಕೈಜಾರಿ ಬಿದ್ದ ಪಿನಿಯನ್‌ನ ಅಂಚಿನಲ್ಲಿ ಎದ್ದ ಸಣ್ಣ ಗಂಟು ಸಾಕು. ಬೆರಳಿನ ಉಗುರನ್ನು ಹಲ್ಲಿನ ಅಂಚಿನ ಮೇಲೆ ಎಳೆದರೆ ಅದು ತಡೆಯುತ್ತದೆ. ಸಣ್ಣ ಗಂಟಾದರೆ ನಯವಾದ ಎಣ್ಣೆಕಲ್ಲಿನಿಂದ ಅಷ್ಟನ್ನೇ ತೆಗೆಯಬಹುದು. ಚೂರು ಹಾರಿದ್ದರೆ ಸೆಟ್ ಬದಲಿಸಿ. ಬೋಲ್ಟ್ ಸಡಿಲದ ಅನುಮಾನವಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ.

ಗುಂಯ್ ಸದ್ದು ಒಂದೇ ಸಮ ಇಲ್ಲ, ವೂಂ-ವೂಂ ಅಂತ ಅಲೆಅಲೆಯಾಗಿ ಏರಿಳಿಯುತ್ತೆ.

ಕ್ರೌನ್ ವೀಲ್ ಓಲಾಡುತ್ತಿದೆ. 20 ಕಿಮೀ ವೇಗದಲ್ಲಿ ಸೆಕೆಂಡಿಗೆ ಸುಮಾರು ಮೂರು ಅಲೆ ಕೇಳಿದರೆ ಅದು ಚಕ್ರದ ಸುತ್ತಿಗೆ ಸರಿಹೊಂದುತ್ತದೆ. ಕ್ರೌನ್‌ನ ಹಿಂಬದಿ ಮತ್ತು ಅದು ಕೂರುವ ಕೇಸ್‌ನ ಮುಖದ ನಡುವೆ ಉಳಿದ ಒಣ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು), ಗಂಟು ಅಥವಾ ಕಸ ಇದಕ್ಕೆ ಬಹುಪಾಲು ಕಾರಣ. ಬೋಲ್ಟ್‌ಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿಯದೆ ಒಂದು ಕಡೆಯಿಂದ ಸುತ್ತುತ್ತಾ ಬಿಗಿದರೂ ಹೀಗಾಗುತ್ತದೆ. ಕ್ರೌನ್ ಹಿಂಬದಿಗೆ ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಮುಳ್ಳಿನ ಉಪಕರಣ) ಇಟ್ಟು ತಿರುಗಿಸಿ. ಬಹಳಷ್ಟು ಆಕ್ಸೆಲ್‌ಗಳಲ್ಲಿ 0.05 ಮಿಮೀ ಸುತ್ತಮುತ್ತ ಮಿತಿ.

ಆಕ್ಸೆಲ್ ಸ್ಟ್ಯಾಂಡ್ ಮೇಲೆ ಎತ್ತಿ ಓಡಿಸಿ ಕೇಳಬಹುದಾ?

ಬೇರಿಂಗ್ ಹುಡುಕಲು ಉಪಯೋಗವಿದೆ, ಗೇರ್ ಸದ್ದು ತೀರ್ಮಾನಿಸಲು ಇಲ್ಲ. ಹೊರೆಯಿಲ್ಲದ ಗೇರ್ ಬೇರೆಯೇ ಸದ್ದು ಮಾಡುತ್ತದೆ. ಸ್ಟ್ಯಾಂಡ್‌ಗಳನ್ನು ಆಕ್ಸೆಲ್ ಕೊಳವೆಯ ಕೆಳಗೇ ಇಡಿ. ಚಾಸಿಸ್ ಹಿಡಿದು ಆಕ್ಸೆಲ್ ನೇತಾಡಿದರೆ ಯೂನಿವರ್ಸಲ್ ಜಾಯಿಂಟ್ ಕೋನ ಹೆಚ್ಚಾಗಿ ಸುಳ್ಳು ನಡುಕ ಬರುತ್ತದೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಹಾಕಿ, ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಸ್ಪೀಡೋಮೀಟರ್‌ನಲ್ಲಿ 50 ದಾಟಿಸಬೇಡಿ. ಒಂದು ಚಕ್ರ ನಿಂತರೆ ಇನ್ನೊಂದು ಸ್ಪೀಡೋಮೀಟರ್ ತೋರಿಸುವುದರ ಎರಡರಷ್ಟು ವೇಗದಲ್ಲಿ ತಿರುಗುತ್ತದೆ. ಗಾಡಿ ಚಾಲೂ ಇದ್ದಾಗ ಯಾರೂ ಅದರ ಕೆಳಗೆ ಹೋಗಬಾರದು. ಸದ್ದು ಹಿಡಿಯಲು ತಂತಿಯ ಮೈಕ್ರೊಫೋನ್ ಅಂಟಿಸುವ ಉಪಕರಣ ಒಳ್ಳೆಯದು.

## ಕವರ್ ತೆಗೆದ ಮೇಲೆ

ಕವರ್ ತೆಗೆದೆ. ಈಗ ಎಲ್ಲಿಂದ ಶುರು ಮಾಡಲಿ?

ಏನನ್ನೂ ಸಡಿಲಿಸದೆ ಅಳತೆಯಿಂದ. ಮೊದಲು ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪಾದ ಪೇಸ್ಟ್ ಸಹಜ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಹಾಳೆಯಂಥ ಸಿಬರು ಸಹಜವಲ್ಲ.

ಆಮೇಲೆ ಬ್ಯಾಕ್‌ಲ್ಯಾಶ್, ಅಂದರೆ ಕೂಡಿದ ಹಲ್ಲುಗಳ ನಡುವಿನ ಸಡಿಲ. ಡಯಲ್ ಗೇಜ್‌ನ ಮೊನೆಯನ್ನು ಕ್ರೌನ್ ಹಲ್ಲಿನ ಹೊರತುದಿಗೆ ನೇರವಾಗಿ ತಾಗಿಸಿ, ಪಿನಿಯನ್ ಅಲುಗದಂತೆ ಹಿಡಿದು ಕ್ರೌನ್ ಅನ್ನು ಅತ್ತಿತ್ತ ಆಡಿಸಿ. 0.15ರಿಂದ 0.25 ಮಿಮೀ ಸಾಮಾನ್ಯ. ಸುತ್ತಲೂ ಕನಿಷ್ಠ ನಾಲ್ಕು ಕಡೆ ಅಳೆಯಿರಿ. ಕಡೆಯಿಂದ ಕಡೆಗೆ 0.05 ಮಿಮೀಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಓಲಾಟದ ತೊಂದರೆ. ಒಂದೇ ಕಡೆ ಅಳೆದು ‘ಸರಿ ಇದೆ’ ಅನ್ನುವವರು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಕೊನೆಗೆ ಬಣ್ಣದ ಗುರುತು. ಎಲ್ಲವನ್ನೂ ಬರೆದಿಟ್ಟುಕೊಂಡ ಮೇಲೆ ಬೇರಿಂಗ್ ಕ್ಯಾಪ್‌ಗಳಿಗೆ ಎಡ ಬಲ ಗುರುತು ಹಾಕಿ ಬಿಚ್ಚಿ. ಆ ಕ್ಯಾಪ್‌ಗಳನ್ನು ಹೌಸಿಂಗ್ ಜೊತೆಗೇ ಕೊರೆದಿರುತ್ತಾರೆ, ಅದಲುಬದಲಾದರೆ ಬೇರಿಂಗ್ ಹಿಚುಕುತ್ತದೆ.

ಬಣ್ಣದ ಗುರುತು ಓದೋದು ಹೇಗೆ? ಚಿತ್ರ ನೋಡಿದರೂ ಗೊಂದಲವಾಗುತ್ತೆ.

ಗೇರ್ ಮಾರ್ಕಿಂಗ್ ಪೇಸ್ಟ್ ಅನ್ನು ಕ್ರೌನ್‌ನ ಮೂರು ನಾಲ್ಕು ಹಲ್ಲಿಗೆ, ಎರಡೂ ಮೈಗೆ, ತೆಳ್ಳಗೆ ಬಳಿಯಿರಿ. ಕ್ರೌನ್‌ಗೆ ಮರದ ತುಂಡು ಒತ್ತಿ ತಡೆಹಿಡಿದು, ಪಿನಿಯನ್ ಅನ್ನು ಸ್ಪ್ಯಾನರ್‌ನಿಂದ ಎರಡೂ ದಿಕ್ಕಿಗೆ ಹಲವು ಸುತ್ತು ತಿರುಗಿಸಿ. ತಡೆಯಿಲ್ಲದೆ ತಿರುಗಿಸಿದರೆ ಗುರುತು ಮಸುಕಾಗಿ ಬಿದ್ದು ದಾರಿ ತಪ್ಪಿಸುತ್ತದೆ. ಬಣ್ಣ ಒತ್ತಿ ಸರಿದು, ಲೋಹ ಇಣುಕುವ ಮೊಟ್ಟೆಯಾಕಾರದ ಮಚ್ಚೆ ಉಳಿಯಬೇಕು. ಅದರ ಅಂಚಿನಲ್ಲಿ ಬಣ್ಣ ಸಣ್ಣ ದಿಬ್ಬವಾಗಿ ಕೂತಿರುತ್ತದೆ.

ಹಿಂದಿನ ಆಕ್ಸೆಲ್‌ನಲ್ಲಿ ಹಲ್ಲಿನ ಉಬ್ಬಿದ ಮೈ ಎಳೆತದ್ದು, ತಗ್ಗಿದ ಮೈ ಕಾಲು ತೆಗೆದಾಗಿನದ್ದು. ಒಳತುದಿಗೆ ಟೋ, ಹೊರತುದಿಗೆ ಹೀಲ್ ಎನ್ನುವುದು ರೂಢಿ. ಓದುವಾಗ ಮೊದಲು ಎತ್ತರವನ್ನಷ್ಟೇ ನೋಡಿ. ಎರಡೂ ಮೈಯಲ್ಲಿ ಮಚ್ಚೆ ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಅತಿ ಆಳದಲ್ಲಿದೆ. ಎರಡರಲ್ಲೂ ತಲೆಗೆ ಏರಿದ್ದರೆ ಪಿನಿಯನ್ ಸಾಕಷ್ಟು ಒಳಗೆ ಹೋಗಿಲ್ಲ. ಎತ್ತರ ಸರಿಯಾದ ಮೇಲೆ ಉದ್ದ ನೋಡಿ: ಎರಡೂ ಮೈಯಲ್ಲಿ ಮಚ್ಚೆ ಟೋ ಕಡೆ ಹೋಗಿದ್ದರೆ ಬ್ಯಾಕ್‌ಲ್ಯಾಶ್ ಕಡಿಮೆ, ಹೀಲ್ ಕಡೆಯಾದರೆ ಹೆಚ್ಚು. ಹೊರೆ ಬಿದ್ದಾಗ ಮಚ್ಚೆ ಹೀಲ್ ಕಡೆಗೆ ಸರಿಯುವುದರಿಂದ ಟೋ ಕಡೆಗೆ ತುಸು ವಾಲಿದ್ದರೂ ಒಪ್ಪಬಹುದು.

ಹಲ್ಲಿನ ಎತ್ತರ ಎರಡೂ ತುದಿಯಲ್ಲಿ ಒಂದೇ ಇರುವ ಸೆಟ್‌ಗಳೂ ಇವೆ. ಅವುಗಳಲ್ಲಿ ಟೋ-ಹೀಲ್ ಬಗ್ಗೆ ತಲೆ ಕೆಡಿಸಿಕೊಳ್ಳದೆ, ಬುಡ ಮತ್ತು ತಲೆಯ ನಡುವೆ ಮಚ್ಚೆ ಮಧ್ಯದಲ್ಲಿದೆಯೇ ಎಂಬುದನ್ನೇ ನೋಡಿ.

ಶಿಮ್ ಒಂದೊಂದೇ ಬದಲಿಸುತ್ತಾ ಸುಸ್ತಾಯಿತು. ಎಷ್ಟೆಷ್ಟು ಬದಲಿಸಬೇಕು?

ಮೊದಲ ಜಿಗಿತ ದೊಡ್ಡದಿರಲಿ. ಮಚ್ಚೆ ಬುಡದಲ್ಲಿದ್ದರೆ 0.2 ಮಿಮೀ ಶಿಮ್ ತೆಗೆದು ನೋಡಿ. ಅದು ತಲೆಗೆ ಏರಿಬಿಟ್ಟರೆ ಸರಿಯಾದ ಜಾಗ ಎರಡರ ನಡುವೆ ಇದೆ ಎಂದು ಖಾತ್ರಿ. ಆಮೇಲೆ ಅರ್ಧ, ಅದರರ್ಧ. ಕೊನೆಯ ಹೊಂದಿಕೆ 0.05 ಮಿಮೀ ಅಥವಾ ಇನ್ನೂ ಸಣ್ಣದು. ಶಿಮ್ ಪಿನಿಯನ್ ತಲೆಯ ಬೇರಿಂಗ್ ಪಕ್ಕದಲ್ಲಿದ್ದರೆ ದಪ್ಪ ಶಿಮ್ ಪಿನಿಯನ್ ಅನ್ನು ಆಳಕ್ಕೆ ತಳ್ಳುತ್ತದೆ. ನಿಮ್ಮ ಆಕ್ಸೆಲ್‌ನಲ್ಲಿ ಶಿಮ್ ಎಲ್ಲಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಪಿನಿಯನ್ ಆಳಕ್ಕಿಳಿದರೆ ಬ್ಯಾಕ್‌ಲ್ಯಾಶ್ ಕಡಿಮೆಯಾಗುತ್ತದೆ. ಪ್ರತಿ ಸಲ ಅದನ್ನು ಮೊದಲಿನ ಅಂಕಿಗೇ ತಂದು ಆಮೇಲೆ ಬಣ್ಣ ನೋಡಿ. ಇಲ್ಲದಿದ್ದರೆ ಎರಡು ಬದಲಾವಣೆ ಬೆರೆತುಹೋಗುತ್ತದೆ. ಕ್ರೌನ್ ಅನ್ನು ಪಕ್ಕಕ್ಕೆ 0.1 ಮಿಮೀ ಸರಿಸಿದರೆ ಬ್ಯಾಕ್‌ಲ್ಯಾಶ್ ಸುಮಾರು 0.07 ಮಿಮೀ ಬದಲಾಗುತ್ತದೆ. ಒಂದು ಕಡೆ ತೆಗೆದಷ್ಟನ್ನೇ ಇನ್ನೊಂದು ಕಡೆ ಸೇರಿಸಿದರೆ ಸೈಡ್ ಬೇರಿಂಗ್ ಪ್ರಿಲೋಡ್ ಹಾಗೇ ಉಳಿಯುತ್ತದೆ.

ಕ್ರಶ್ ಸ್ಲೀವ್ ಹೆಚ್ಚು ಬಿಗಿಯಾಯಿತು. ನಟ್ ಸ್ವಲ್ಪ ಸಡಿಲಿಸಿದೆ, ಪರವಾಗಿಲ್ವಾ?

ಇಲ್ಲ, ಹಾಗೆ ಬಿಡಬೇಡಿ. ಕ್ರಶ್ ಸ್ಲೀವ್ ಅಂದರೆ ಎರಡು ಪಿನಿಯನ್ ಬೇರಿಂಗ್‌ಗಳ ನಡುವೆ ಕೂತು, ನಟ್ ಬಿಗಿದಂತೆ ಹಿಚುಕಿ ಪ್ರಿಲೋಡ್ ಹೊಂದಿಸುವ ಕೊಳವೆ. ಹಿಚುಕಿದ ಸ್ಲೀವ್ ಮತ್ತೆ ಹಿಗ್ಗುವುದಿಲ್ಲ. ನಟ್ ಸಡಿಲಿಸಿದ ಕೂಡಲೇ ಬೇರಿಂಗ್‌ಗಳನ್ನು ಒತ್ತಿ ಹಿಡಿಯುವ ಬಲವೇ ಇಲ್ಲದಂತಾಗುತ್ತದೆ. ಕಾಲು ತೆಗೆದಾಗ ಬರುವ ಸದ್ದಿನ ಬಹಳಷ್ಟು ಪ್ರಕರಣಗಳ ಮೂಲ ಇದೇ. ಹೊಸ ಸ್ಲೀವ್, ಹೊಸ ನಟ್ ಹಾಕಿ. ಸ್ಲೀವ್ ಹಿಚುಕಲು ಶುರುವಾಗಲೇ 200 ನ್ಯೂಟನ್ ಮೀಟರ್‌ಗಿಂತ ಹೆಚ್ಚು ಬಲ ಬೇಕಾಗುತ್ತದೆ. ಒಮ್ಮೆ ಶುರುವಾದ ಮೇಲೆ ನಟ್‌ನ ಸಣ್ಣ ತಿರುವಿಗೂ ಪ್ರಿಲೋಡ್ ಜಿಗಿಯುತ್ತದೆ. ಆದ್ದರಿಂದ ಆಟ ಹೋದ ಕ್ಷಣದಿಂದ ಕೂದಲೆಳೆಯಷ್ಟು ಬಿಗಿ, ಪಿನಿಯನ್ ಹಲವು ಸುತ್ತು ತಿರುಗಿಸಿ, ಅಳೆ, ಮತ್ತೆ ಬಿಗಿ. ಕ್ರೌನ್ ಇಲ್ಲದೆ ಪಿನಿಯನ್ ಒಂದೇ ತಿರುಗುವಾಗಿನ ಬಲ ಹೊಸ ಬೇರಿಂಗ್‌ಗೆ ಬಹಳಷ್ಟು ಕಾರುಗಳಲ್ಲಿ ಸುಮಾರು 1.5ರಿಂದ 3 ನ್ಯೂಟನ್ ಮೀಟರ್, ಓಡಿದ ಬೇರಿಂಗ್‌ಗೆ ಅದರ ಅರ್ಧ.

## ಇನ್ನೂ ಸಿಗದಿದ್ದರೆ

ಹಳೇ ಗೇರ್‌ಗೆ ಹೊಸ ಬೇರಿಂಗ್ ಮಾತ್ರ ಹಾಕಿದ್ದು. ಬಣ್ಣದ ಗುರುತಿನ ಪ್ಯಾಟರ್ನ್ ಚೆನ್ನಾಗಿದೆ, ಆದರೂ ಸದ್ದು.

ಓಡಿದ ಗೇರ್‌ಗಳು ತಾವು ಕೂತಿದ್ದ ಜಾಗಕ್ಕೆ ತಕ್ಕಂತೆ ಸವೆದಿರುತ್ತವೆ. ಪುಸ್ತಕದ ಪ್ಯಾಟರ್ನ್ ಅವುಗಳಿಗೆ ಬೇಕಿಲ್ಲ, ಹಳೆಯ ಜಾಗವೇ ಬೇಕು. ಬಿಚ್ಚುವ ಮುಂಚಿನ ಬ್ಯಾಕ್‌ಲ್ಯಾಶ್ 0.30 ಇದ್ದರೆ ಅದನ್ನೇ ಮತ್ತೆ ಕೊಡಿ, ಹೊಸ ಸೆಟ್‌ನ ಅಂಕಿಗೆ ಬಿಗಿಯಬೇಡಿ. ಹೊಸ ಬೇರಿಂಗ್‌ನ ದಪ್ಪ ಹಳೆಯದಕ್ಕಿಂತ ಬೇರೆಯಿದ್ದರೆ ಹಳೆಯ ಶಿಮ್ ಹಾಕಿಯೂ ಆಳ ಬದಲಾಗಿರುತ್ತದೆ. ಎರಡೂ ಬೇರಿಂಗ್‌ಗಳ ದಪ್ಪ ಅಳೆದು ವ್ಯತ್ಯಾಸವನ್ನು ಶಿಮ್‌ನಲ್ಲಿ ಸರಿದೂಗಿಸಿ. ಪಿನಿಯನ್ ಬೇರಿಂಗ್ ಪಕ್ಕದ ಎಣ್ಣೆ ತಟ್ಟೆಯನ್ನು ಹಾಕುವುದು ಮರೆತರೆ ಅದರ ದಪ್ಪದಷ್ಟೂ ಆಳ ತಪ್ಪುತ್ತದೆ. ಇದು ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಸಲ ಆಗುವ ತಪ್ಪು.

ಕ್ರೌನ್ ಮತ್ತು ಪಿನಿಯನ್ ಮೇಲಿನ ಜೋಡಿ ಸಂಖ್ಯೆ ಒಂದೇ ಇದೆಯೇ ಎಂದೂ ನೋಡಿ. ಅವೆರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ. ಬೇರೆ ಜೋಡಿಯ ಪಿನಿಯನ್‌ಗೆ ಯಾವ ಶಿಮ್ ಹಾಕಿದರೂ ಸದ್ದು ಹೋಗುವುದಿಲ್ಲ.

ಮೊಬೈಲ್ ಆ್ಯಪ್‌ನಲ್ಲಿ ಸದ್ದಿನ ಫ್ರೀಕ್ವೆನ್ಸಿ ನೋಡಿ ಭಾಗ ಹೇಳಬಹುದಾ?

ಖಂಡಿತ, ಇದು ಒಳ್ಳೆಯ ದಾರಿ. ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಸಾಕು. ಉದಾಹರಣೆಗೆ ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 11, ಟೈರ್ ಸುತ್ತಳತೆ 2 ಮೀಟರ್ ಇದೆಯೆನ್ನಿ. 80 ಕಿಮೀ ವೇಗ ಅಂದರೆ ಸೆಕೆಂಡಿಗೆ 22.2 ಮೀಟರ್, ಚಕ್ರ ಸೆಕೆಂಡಿಗೆ 11.1 ಸುತ್ತು. ಅದನ್ನು 41ರಿಂದ ಗುಣಿಸಿದರೆ 455 ಹರ್ಟ್ಸ್. ಗೇರ್ ಹಲ್ಲಿನ ಸದ್ದು ಅಲ್ಲೇ, ಅಥವಾ ಅದರ ಎರಡರಷ್ಟಾದ 910ರಲ್ಲಿ, ಮೊನಚಾಗಿ ಎದ್ದು ಕಾಣುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅಸಮತೋಲ 41 ಹರ್ಟ್ಸ್ ಸುತ್ತ, ಯೂನಿವರ್ಸಲ್ ಜಾಯಿಂಟ್ ಕೋನದ ತೊಂದರೆ ಅದರ ಎರಡರಷ್ಟು, 83ರ ಸುತ್ತ ಬರುತ್ತದೆ. ಲೆಕ್ಕದ ಜಾಗದಲ್ಲಿ ಮೊನೆಯೇ ಕಾಣದಿದ್ದರೆ ಕ್ರೌನ್-ಪಿನಿಯನ್ ಹಲ್ಲಿಗಾಗಿ ಡಿಫರೆನ್ಶಿಯಲ್ ಮತ್ತೆ ಬಿಚ್ಚುವ ಅಗತ್ಯವಿಲ್ಲ, ಬೇರಿಂಗ್ ಅಥವಾ ಬೇರೆ ಕಡೆ ಹುಡುಕಿ. ವೇಗವನ್ನು ಜಿಪಿಎಸ್‌ನಿಂದ ತೆಗೆದುಕೊಳ್ಳಿ, ಸ್ಪೀಡೋಮೀಟರ್ ಸಾಮಾನ್ಯವಾಗಿ ಹೆಚ್ಚು ತೋರಿಸುತ್ತದೆ.

83 ಹರ್ಟ್ಸ್ ಕಡೆಯೇ ಬರುತ್ತಿದೆ. ಆಕ್ಸೆಲ್ ಇಳಿಸಿದ್ದಕ್ಕೂ ಅದಕ್ಕೂ ಏನು ಸಂಬಂಧ?

ಆಕ್ಸೆಲ್ ಮರಳಿ ಕೂರಿಸುವಾಗ ಪಿನಿಯನ್ ಮೂಗಿನ ಕೋನ ಬದಲಾಗಿರಬಹುದು. ಎರಡು ಜಾಯಿಂಟ್‌ನ ಶಾಫ್ಟ್‌ನಲ್ಲಿ ಎರಡೂ ತುದಿಯ ಕೋನಗಳು ಸುಮಾರು ಒಂದು ಡಿಗ್ರಿಯೊಳಗೆ ಸಮ ಇರಬೇಕು. 41ರ ಸುತ್ತಲೂ ಸದ್ದಿದ್ದು, ಬಿಚ್ಚುವಾಗ ಶಾಫ್ಟ್ ಮತ್ತು ಫ್ಲ್ಯಾಂಜ್‌ಗೆ ಗುರುತು ಹಾಕಿರದಿದ್ದರೆ ಶಾಫ್ಟ್ ಅನ್ನು 180 ಡಿಗ್ರಿ ತಿರುಗಿಸಿ ಜೋಡಿಸಿ ನೋಡಿ.

ಯಾವ ಸದ್ದು ಬಂದರೆ ಗಾಡಿ ಓಡಿಸಲೇಬಾರದು?

ಚಕ್ರದ ಸುತ್ತಿಗೊಂದು ಟಕ್, ದಿನದಿಂದ ದಿನಕ್ಕೆ ಏರುವ ಗರಗರ, ಎಣ್ಣೆಯಲ್ಲಿ ಲೋಹದ ಸಿಬರು, ಇವು ಮೂರರಲ್ಲಿ ಯಾವುದಿದ್ದರೂ ನಿಲ್ಲಿಸಿ. ಹಲ್ಲು ಮುರಿದು ಎರಡು ಗೇರ್‌ಗಳ ನಡುವೆ ಸಿಕ್ಕಿಕೊಂಡರೆ ಓಟದಲ್ಲೇ ಹಿಂದಿನ ಚಕ್ರಗಳು ಹಿಡಿದು ನಿಲ್ಲುತ್ತವೆ. ಇವು ಮೂರೂ ಇಲ್ಲದಿದ್ದರೆ ಹೆದ್ದಾರಿ ವೇಗದಲ್ಲಿ ಅರ್ಧ ಗಂಟೆ ಓಡಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡುವುದೂ ಒಳ್ಳೆಯದು. ಹೌಸಿಂಗ್‌ಗಿಂತ ಪಿನಿಯನ್ ಮೂಗು ಮಾತ್ರ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಪ್ರಿಲೋಡ್ ಅತಿಯಾಗಿದೆ. ಅಂಥ ಬೇರಿಂಗ್ ಸದ್ದು ಮಾಡುವ ಮೊದಲೇ ಬಿಚ್ಚಿ, ಹೊಸ ಸ್ಲೀವ್ ಹಾಕಿ ಸರಿಪಡಿಸಿದರೆ ಗೇರ್ ಸೆಟ್ ಉಳಿಯುತ್ತದೆ.